ಒಂದು ವರ್ಷದ ಋಣ

ಹೋದ ತಿಂಗಳು ಬಸ್ತಿಹಳ್ಳಿಯ ನಮ್ಮ ಮನೆಯ ನಡುಮನೆಯಲ್ಲಿ ಒಂದು ನೋಟ್‌ಬುಕ್ ಹರಡಿಕೊಂಡು ಮೂವರು ಕೂತಿದ್ದೆವು. ಅಣ್ಣ, ಅಣ್ಣನ ಮಗಳು ಮತ್ತು ನಾನು. ಅತ್ತಿಗೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದರು. ಅಣ್ಣನ ಮಗ ತೋಟಕ್ಕೆ ನೀರು ಬಿಡಲು ಹೋಗಿದ್ದ, ಕರೆಂಟು ಬರುವುದೇ ಆ ಹೊತ್ತಿಗೆ. ನೋಟ್‌ಬುಕ್ಕಿನ ಒಂದು ಪುಟದಲ್ಲಿ ಕೊಬ್ಬರಿ ಮಾರಿದ ಲೆಕ್ಕವಿತ್ತು. ಅದರ ಎದುರು ಪುಟದಲ್ಲಿ ಹುಡುಗಿ ಇಂಗ್ಲೆಂಡಿನ ಒಂದು ವರ್ಷದ ಲೆಕ್ಕ ಬರೆದಿದ್ದಳು. ಎರಡು ಪುಟಗಳ ಸೊನ್ನೆಗಳ ಸಂಖ್ಯೆಯಲ್ಲೇ ಇದ್ದ ವ್ಯತ್ಯಾಸವನ್ನು ಎಲ್ಲರೂ ನೋಡಿದ್ದೆವು, ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಅವಳು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ವದಲ್ಲಿ ಎಂ.ಎ. ಮುಗಿಸಿದ್ದಾಳೆ. ಈಗ ಹಳೆಯ ಕಟ್ಟಡಗಳ ಸಂರಕ್ಷಣೆಯ ಬಗ್ಗೆ ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಓದಬೇಕು ಎಂಬ ಆಸೆ. ಶುಲ್ಕದಲ್ಲಿ ಒಂದಷ್ಟು ವಿನಾಯಿತಿ ಸಿಗುವ ಭರವಸೆ ಇದೆ. ಅದೂ ಕಳೆದು, ಊಟ, ವಸತಿ, ವಿಮಾನ, ವೀಸಾ ಎಲ್ಲ ಸೇರಿ 30 ಲಕ್ಷ ದಾಟುತ್ತದೆ. 'ನಮ್ಮೂರ ಬಸದಿ ಕಲ್ಲು ನೋಡ್ಕೊಳ್ಳದು ಕಲಿಯಾಕೆ ಅಷ್ಟು ದೂರ ಹೋಗ್ಬೇಕೇನವ್ವ?' ಎಂದು ಅಣ್ಣ ಮೊದಲ ದಿನವೇ ಕೇಳಿದ್ದನಂತೆ. ಅವಳು, 'ಅಪ್ಪ, ಆ ಊರಲ್ಲಿ ಒಂದು ದೊಡ್ಡ ಚರ್ಚ್ ಇದೆ. ನೂರಾರು ವರ್ಷದಿಂದ ಮಳೆ ಗಾಳಿಗೆ ಸವೆದ ಕಲ್ಲನ್ನ ತೆಗೆದು ಹೊಸದಾಗಿ ಕೆತ್ತಿ ಕೂರಿಸೋಕೆ ಅದರ ಪಕ್ಕದಲ್ಲೇ ಕಲ್ಲುಕುಟಿಗರ ಅಂಗಳ ಇಟ್ಟಿದ್ದಾರೆ. ಕೆತ್ತೋರ ಹತ್ರ, ಓದಿದೋರ ಹತ್ರ ಇಬ್ಬರ ಹತ್ರಾನೂ ಕಲೀಬಹುದು' ಎಂದಳಂತೆ. ಅಣ್ಣ ಆಮೇಲೆ ಆ ಪ್ರಶ್ನೆ ಕೇಳಲಿಲ್ಲ. ದುಡ್ಡಿನ ಪ್ರಶ್ನೆಗೆ ಬಂದ.

ದುಡ್ಡಿನ ಪ್ರಶ್ನೆಯ ಬೆನ್ನಿಗೇ ಇನ್ನೊಂದು ಪ್ರಶ್ನೆ ಬಂತು. ಒಬ್ಬರ ಒಂದು ವರ್ಷಕ್ಕಾಗಿ ಮನೆಯ ಉಳಿದವರು ಎಷ್ಟು ಕೊಡಬಹುದು? ಕೊಟ್ಟರೆ ಅದು ಸಾಲವೋ ದಾನವೋ? ಸಾಲವಾದರೆ ಯಾರಿಗೆ ತೀರಿಸಬೇಕು, ಯಾವುದರಲ್ಲಿ ತೀರಿಸಬೇಕು? ಮಕ್ಕಳನ್ನು ಓದಿಗೆ ಕಳಿಸುವ ಪ್ರತಿ ಮನೆಯಲ್ಲೂ ಈ ಪ್ರಶ್ನೆ ಇದ್ದೇ ಇರುತ್ತದೆ. ನಾವು ಅದಕ್ಕೆ 'ತ್ಯಾಗ' ಎಂಬ ಒಂದು ಹೆಸರಿಟ್ಟು ಮುಚ್ಚಿಡುತ್ತೇವೆ.

ಬ್ರಿಟನ್ನಿನ ವಿದ್ಯಾರ್ಥಿ ವೀಸಾದ ನಿಯಮದಲ್ಲಿ ಹೀಗೆ ಮುಚ್ಚಿಡಲು ಅವಕಾಶವಿಲ್ಲ. ಲಂಡನ್ನಿನ ಹೊರಗೆ ಓದುವವರು ತಿಂಗಳಿಗೆ 1,100 ಪೌಂಡಿಗೂ ಹೆಚ್ಚಿನ ಲೆಕ್ಕದಲ್ಲಿ 9 ತಿಂಗಳ ಜೀವನವೆಚ್ಚ ತೋರಿಸಬೇಕು. ಅಂದರೆ 10,000 ಪೌಂಡಿಗೆ ಮೇಲೆ. ಆರೋಗ್ಯದ ಹೆಸರಲ್ಲಿ ವರ್ಷಕ್ಕೆ 776 ಪೌಂಡ್ ಮೊದಲೇ ಕಟ್ಟಬೇಕು. ವಾರಕ್ಕೆ 20 ಗಂಟೆ ಕೆಲಸ ಮಾಡಲು ಬಿಡುತ್ತಾರಾದರೂ, ಮುಂದೆ ದುಡಿಯುತ್ತೇನೆ ಎಂಬುದನ್ನು ಅರ್ಜಿಯಲ್ಲಿ ಹಣವೆಂದು ಎಣಿಸುವುದಿಲ್ಲ. ತೋರಿಸುವ ಹಣ ಸತತ 28 ದಿನ ಖಾತೆಯಲ್ಲಿ ಇರಬೇಕು. ನಡುವೆ ಒಂದು ದಿನವೂ ಆ ಮೊತ್ತಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಮದುವೆಯಾಗದ ಹುಡುಗಿಯಾದರೆ ಆ ಖಾತೆ ಅವಳದಾಗಿರಬೇಕು, ಇಲ್ಲವೇ ತಂದೆತಾಯಿಯದು. ಬ್ಯಾಂಕಿನ ಶಿಕ್ಷಣ ಸಾಲವಾದರೆ ಬೇರೆ ಮಾತು.

'ಚಿಕ್ಕಪ್ಪನ ಅಕೌಂಟು ಆಗಲ್ವಂತೆ' ಎಂದು ಅವಳು ಮೆಲ್ಲಗೆ ಓದಿ ಹೇಳಿದಳು. ನನಗೆ ಆಗ ಆದದ್ದು ನಿರಾಳ. ಅದನ್ನು ಇಲ್ಲಿ ಬರೆಯದೆ ಈ ಲೇಖನ ಮುಂದೆ ಹೋಗುವುದಿಲ್ಲ.

ಏಕೆಂದರೆ 1984ರಲ್ಲಿ ಇದೇ ನಡುಮನೆಯಲ್ಲಿ ಇಂಥದೇ ಲೆಕ್ಕ ನಡೆದಿತ್ತು. ಆಗ ಅಪ್ಪನಿಗೆ ಒಬ್ಬನನ್ನು ಓದಿಸಲು ಮಾತ್ರ ಶಕ್ತಿಯಿತ್ತು. ಅಣ್ಣ ಆ ಹೊತ್ತಿಗೆ ಎಸ್ಸೆಸ್ಸೆಲ್ಸಿ ಮುಗಿಸಿ ತೋಟಕ್ಕಿಳಿದಿದ್ದ. ಓದಿನಲ್ಲಿ ಅವನು ನನಗಿಂತ ಮುಂದಿದ್ದ ಎಂಬುದು ಮೇಷ್ಟ್ರುಗಳಿಗೂ ಗೊತ್ತಿತ್ತು. ನಾನು ಮೈಸೂರಿಗೆ ಹೋದೆ. ತಿಂಗಳು ತಿಂಗಳು 150 ರೂಪಾಯಿಯ ಮನಿಯಾರ್ಡರ್ ಬರುತ್ತಿತ್ತು. ಫಾರಮ್ಮಿನ ಕೆಳಗಿನ ಚೂರಿನಲ್ಲಿ ಅಣ್ಣನ ಅಕ್ಷರದಲ್ಲಿ ಒಂದೇ ಸಾಲು: 'ಕ್ಷೇಮ. ಮಳೆ ಇಲ್ಲ.' ಅಥವಾ, 'ಕ್ಷೇಮ. ಮಳೆ ಆಯ್ತು.' ನಾನು ಕನ್ನಡ ಮೇಷ್ಟ್ರಾದೆ, ಮೈಸೂರಿನಲ್ಲೇ ಮನೆ ಕಟ್ಟಿದೆ. ಹಬ್ಬಕ್ಕೆ ಬರುತ್ತೇನೆ, ತೆಂಗಿನಕಾಯಿ ಮೂಟೆ ಕಾರಿನ ಹಿಂದೆ ಹಾಕಿಸಿಕೊಂಡು ಹೋಗುತ್ತೇನೆ. ನಲವತ್ತು ವರ್ಷದಲ್ಲಿ ಅಣ್ಣ ಏನನ್ನೂ ಕೇಳಲಿಲ್ಲ. ಅವನು ಕೇಳಲಿಲ್ಲ ಎಂಬುದನ್ನೇ ನಾನು, ಕೊಡಬೇಕಾದದ್ದು ಏನೂ ಇಲ್ಲ ಎಂದು ಓದಿಕೊಂಡೆ.

ಈ ಸಲವೂ ಅಣ್ಣ ಕೇಳಲಿಲ್ಲ. ಬ್ಯಾಂಕಿನವರು ತೋಟವನ್ನು ಅಡಮಾನಕ್ಕೆ ಒಪ್ಪದೆ ಮನೆಯನ್ನು ಕೇಳಿದ್ದಾರೆ, 20 ಲಕ್ಷ ಸಾಲಕ್ಕೆ. ಮನೆ ಇನ್ನೂ ಅಪ್ಪನ ಹೆಸರಲ್ಲೇ ಇದೆ, ಪಾಲಾಗಿಲ್ಲ. ಅಕ್ಕ, ಅಣ್ಣ, ನಾನು ಮೂವರೂ ಸಹಿ ಹಾಕಬೇಕು. ಮೂವರಲ್ಲಿ ಈ ಮನೆಯಿಂದ ಅತಿ ಕಡಿಮೆ ಪಡೆದವಳು ಅಕ್ಕ. ಏಳನೇ ಕ್ಲಾಸಿಗೆ ಬಿಡಿಸಿ ಮದುವೆ ಮಾಡಿದ್ದರು. ಅವಳು ಅರಸೀಕೆರೆಯಿಂದ ಬಸ್ಸು ಹತ್ತಿ ಬಂದು ಸಹಿ ಹಾಕಿ ಸಂಜೆ ಬಸ್ಸಿಗೆ ಹೋಗಿದ್ದಳು. ಕಾಗದ ಈಗ ನನ್ನ ಮುಂದಿತ್ತು. ನಾನು ಸಹಿ ಹಾಕದೆ ಬುದ್ಧಿವಾದ ಶುರುಮಾಡಿದೆ. ಶೇಕಡಾ 10ರ ಬಡ್ಡಿಯಲ್ಲಿ 10 ವರ್ಷಕ್ಕೆ ತಿಂಗಳ ಕಂತು 26 ಸಾವಿರ ದಾಟುತ್ತದೆ. ಒಟ್ಟು ಕಟ್ಟುವುದು 31 ಲಕ್ಷಕ್ಕೂ ಹೆಚ್ಚು. ಪುರಾತತ್ವದಲ್ಲಿ ಕೆಲಸ ಸಿಗುವುದು ಕಷ್ಟ. ಮನೆ ಹೋದರೆ? ಹೇಳಿದ ಮಾತೆಲ್ಲ ಸರಿಯೇ ಇತ್ತು. ಆದರೆ ಅವುಗಳನ್ನು ನಾನು ಯಾಕೆ ಹೇಳುತ್ತಿದ್ದೇನೆ ಎಂಬುದು ಸರಿಯಿರಲಿಲ್ಲ. ನೈತಿಕ ಪ್ರಶ್ನೆಗಳಲ್ಲಿ ನಾವು ಹೆಚ್ಚಾಗಿ ಮೋಸಹೋಗುವುದು ಇಲ್ಲಿಯೇ. ಸುಳ್ಳು ಹೇಳಿದಾಗ ಒಳಗೆ ಏನೋ ಚುಚ್ಚುತ್ತದೆ. ನಿಜ ಹೇಳಿ ಜಾರಿಕೊಂಡಾಗ ಅದೂ ಚುಚ್ಚುವುದಿಲ್ಲ.

ಸಂಜೆ ಬಸದಿಗಳ ಕಡೆ ನಡೆದೆ. ನಾವು ಜೈನರಲ್ಲ, ಆದರೂ ಚಿಕ್ಕಂದಿನಲ್ಲಿ ನಮ್ಮ ಆಟ, ಓದು, ಮುನಿಸು ಎಲ್ಲ ಆ ಅಂಗಳದಲ್ಲೇ. ಹೊಯ್ಸಳೇಶ್ವರನ ಗುಡಿಯ ಮುಂದೆ ಬಸ್ಸುಗಟ್ಟಲೆ ಜನ ಇಳಿಯುತ್ತಾರೆ. ಅಲ್ಲಿಂದ ಕೂಗಳತೆ ದೂರದಲ್ಲಿರುವ ಬಸ್ತಿಹಳ್ಳಿಯ ಮೂರು ಬಸದಿಗಳಿಗೆ ಬರುವವರು ಕಡಿಮೆ. ಪಾರ್ಶ್ವನಾಥ ಬಸದಿಯ ಒಳಗಿನ ಕಂಬಗಳನ್ನು ಎಷ್ಟು ನಯಗೊಳಿಸಿದ್ದಾರೆಂದರೆ ಎದುರು ನಿಂತರೆ ನಮ್ಮ ನೆರಳು ಕಾಣುತ್ತದೆ. ನಾವು ಹುಡುಗರು ಅದರಲ್ಲಿ ಹಲ್ಲು ಕಿಸಿದು ನೋಡಿಕೊಳ್ಳುತ್ತಿದ್ದೆವು.

ಈ ಬಸದಿಯ ಕತೆಯೂ ಒಂದು ಋಣದ ಕತೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜ ತೀರಿಕೊಂಡ ಮೇಲೆ, ಅವನ ನೆನಪಿಗಾಗಿ ಮಗ ಬೊಪ್ಪ 1133ರಲ್ಲಿ ಇದನ್ನು ಕಟ್ಟಿಸಿದ. ಗಂಗರಾಜನಿಗೆ 'ದ್ರೋಹಘರಟ್ಟ' ಎಂಬ ಬಿರುದಿತ್ತು, ದ್ರೋಹಿಗಳನ್ನು ಅರೆಯುವ ಕಲ್ಲು ಎಂದರ್ಥ. ಬಸದಿಗೂ ಮಗ ಅಪ್ಪನ ಬಿರುದಿನ ಹೆಸರನ್ನೇ ಇಟ್ಟ. ಪ್ರತಿಷ್ಠೆಯ ಪ್ರಸಾದ ಅರಸನಿಗೆ ತಲುಪುವ ಹೊತ್ತಿಗೆ ಅವನು ಯುದ್ಧ ಗೆದ್ದಿದ್ದ, ಅವನಿಗೊಬ್ಬ ಮಗನೂ ಹುಟ್ಟಿದ್ದ. ಆ ಸಂತೋಷಕ್ಕೆ ಅರಸ ದೇವರನ್ನು ವಿಜಯಪಾರ್ಶ್ವ ಎಂದು ಕರೆದ, ಮಗನಿಗೆ ವಿಜಯನರಸಿಂಹ ಎಂದು ಹೆಸರಿಟ್ಟ. ಇದನ್ನು ಅಲ್ಲಿನ ಶಾಸನವೇ ಹೇಳುತ್ತದೆ. ಸತ್ತ ತಂದೆಗೆ ಮಗ ಸಲ್ಲಿಸಿದ್ದು ಹೀಗೆ ಇನ್ನೊಬ್ಬ ತಂದೆಯ ಹುಟ್ಟಿದ ಮಗುವಿನ ಹೆಸರಿಗೆ ಹೋಗಿ ಸೇರಿತು.

ನಮ್ಮ ಪರಂಪರೆ ಋಣವನ್ನು ಅರ್ಥಮಾಡಿಕೊಂಡದ್ದೂ ಹೆಚ್ಚುಕಡಿಮೆ ಹೀಗೆಯೇ. ಮನುಷ್ಯ ಹುಟ್ಟುವಾಗಲೇ ದೇವಋಣ, ಋಷಿಋಣ, ಪಿತೃಋಣ ಎಂಬ ಮೂರು ಸಾಲ ಹೊತ್ತು ಬರುತ್ತಾನೆ ಎನ್ನುತ್ತಾರೆ. ಇದರಲ್ಲಿ ಪಿತೃಋಣ ತೀರುವುದು ಮಕ್ಕಳನ್ನು ಪಡೆದಾಗ, ಋಷಿಋಣ ತೀರುವುದು ತಾನೂ ಓದಿ ಕಲಿಸಿದಾಗ. ಕೊಟ್ಟವರಿಗೆ ಹಿಂದಕ್ಕೆ ಕೊಡುವುದಲ್ಲ, ಮುಂದಿನವರಿಗೆ ಮುಂದಕ್ಕೆ ಕೊಡುವುದು. ನಾನು ತರಗತಿಗಳಲ್ಲಿ ಇದನ್ನು ಎಷ್ಟು ಸಲ ಹೇಳಿದ್ದೇನೋ. ನನ್ನ ಮಟ್ಟಿಗೂ ಅದು ಬಹಳ ಅನುಕೂಲದ ತತ್ವವಾಗಿತ್ತು. ಅಣ್ಣ ನನ್ನನ್ನು ಓದಿಸಿದ, ನಾನು ಮೂವತ್ತು ವರ್ಷ ಸಾವಿರಾರು ಮಕ್ಕಳಿಗೆ ಪಾಠ ಹೇಳಿದೆ, ತೀರಿತಲ್ಲ!

ಆ ಸಂಜೆ ಕಂಬದ ಮುಂದೆ ಕೂತಾಗ ಈ ತತ್ವದಲ್ಲಿರುವ ಬಿರುಕು ಕಂಡಿತು. ಮುಂದಕ್ಕೆ ತೀರಿಸುವ ಸಾಲದಲ್ಲಿ, ಹಿಂದೆ ಉಳಿದವನಿಗೆ ಏನು ಸಿಗುತ್ತದೆ? ಅಪ್ಪ ಅಮ್ಮ ಇಲ್ಲವಾಗುತ್ತಾರೆ, ಗುರುಗಳು ಬೇರೆ ಶಿಷ್ಯರನ್ನು ಪಡೆಯುತ್ತಾರೆ. ಆದರೆ ಜೊತೆಯಲ್ಲೇ ಹುಟ್ಟಿ, ಜೊತೆಯಲ್ಲೇ ಮುದುಕನಾಗುತ್ತಾ, ಬಿಟ್ಟುಕೊಟ್ಟು ಉಳಿದವನು ಯಾರ 'ಮುಂದಿನವ'ನೂ ಅಲ್ಲ. ಮೂರು ಋಣಗಳ ಪಟ್ಟಿಯಲ್ಲಿ ಅಣ್ಣನ ಋಣ ಎಂಬುದೊಂದು ಇಲ್ಲ.

ಮೋಹನದಾಸ ಗಾಂಧಿ ಎಂಬ ಹುಡುಗ 1888ರ ಸೆಪ್ಟೆಂಬರ್‌ನಲ್ಲಿ ಬ್ಯಾರಿಸ್ಟರ್ ಓದಲು ಲಂಡನ್ನಿಗೆ ಹಡಗು ಹತ್ತಿದ. ತಾಯಿ ಒಪ್ಪಿದ್ದು ಬೇಚರ್ಜಿ ಸ್ವಾಮಿ ಎಂಬ ಜೈನ ಸಾಧುವಿನ ಎದುರು ಮಗ ಮದ್ಯ, ಮಾಂಸ, ಹೆಣ್ಣು ಮುಟ್ಟುವುದಿಲ್ಲ ಎಂದು ಆಣೆಯಿಟ್ಟ ಮೇಲೆ. ಜಾತಿಯ ಹಿರಿಯರು ಮುಂಬಯಿಯಲ್ಲಿ ಸಭೆ ಸೇರಿಸಿ ಬಹಿಷ್ಕಾರ ಹಾಕಿದರು. ಈ ಎರಡು ಕತೆ ಎಲ್ಲರಿಗೂ ಗೊತ್ತು. ಖರ್ಚು ಹೊತ್ತವನು ಅಣ್ಣ ಲಕ್ಷ್ಮೀದಾಸ ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ತಮ್ಮ ಬ್ಯಾರಿಸ್ಟರ್ ಆಗಿ ಬಂದರೆ ಇಡೀ ಮನೆ ಮೇಲೇಳುತ್ತದೆ ಎಂದು ಅವನು ನಂಬಿದ್ದ. ದಕ್ಷಿಣ ಆಫ್ರಿಕಾದಿಂದ ತಮ್ಮ ಉಳಿಸಿದ ಹಣವನ್ನೆಲ್ಲ ಕಳಿಸುತ್ತಿದ್ದ. ಒಂದು ದಿನ, ಇನ್ನು ಮೇಲೆ ನನ್ನ ಉಳಿತಾಯವೆಲ್ಲ ಅಲ್ಲಿನ ಸಮುದಾಯಕ್ಕೆ, ನನ್ನಿಂದ ಏನನ್ನೂ ನಿರೀಕ್ಷಿಸಬೇಡ ಎಂದು ಬರೆದ. ಅಣ್ಣ ನೊಂದ, ಪತ್ರಗಳು ನಿಂತವು. ಸಾಯುವ ಕಾಲಕ್ಕೆ ತಮ್ಮನ ನಡೆ ಸರಿಯಿತ್ತೆಂದು ಅಣ್ಣ ಒಪ್ಪಿದ ಎಂದು ಗಾಂಧಿ ತಮ್ಮ ಆತ್ಮಕತೆಯಲ್ಲಿ ಬರೆದಿದ್ದಾರೆ. ಅದು ನಿಜವೇ ಇರಬೇಕು. ಆದರೆ ಅದನ್ನು ನಮಗೆ ಹೇಳಿದವರು ತಮ್ಮ. ಅಣ್ಣ ಆತ್ಮಕತೆ ಬರೆಯಲಿಲ್ಲ.

ಗಾಂಧಿಯವರಿಗೆ ಒಂದು ಅನುಕೂಲವಿತ್ತು. ಅವರು ತಮ್ಮ ಹಣವನ್ನು ನಿಜಕ್ಕೂ ಜಗತ್ತಿಗೇ ಕೊಟ್ಟರು. ನನ್ನಂಥವರು ಅಣ್ಣನಿಗೆ ಕೊಡದೆ ಉಳಿಸಿದ್ದು ಜಗತ್ತಿಗೆ ಹೋಗಲಿಲ್ಲ, ಮೈಸೂರಿನ 30-40ರ ಸೈಟಿಗೆ ಹೋಯಿತು.

ಹಾಗಾದರೆ ಕೊಟ್ಟವರಿಗೆ ಹಿಂದಕ್ಕೆ ಕೊಡಲೇಬೇಕು, ಓದಿದವರು ಮರಳಿ ಬರಲೇಬೇಕು ಎಂದು ಕಟ್ಟಿಹಾಕುವುದು ಸರಿಯೇ? ಚೆವೆನಿಂಗ್‌ನಂಥ ವಿದ್ಯಾರ್ಥಿವೇತನಗಳಲ್ಲಿ ಓದು ಮುಗಿದ ಮೇಲೆ ಸ್ವದೇಶಕ್ಕೆ ಮರಳಿ ಕನಿಷ್ಠ 2 ವರ್ಷ ಇರಬೇಕೆಂಬ ಕರಾರಿದೆ. ಅಣ್ಣನಿಗೂ ಮನಸ್ಸಿನಲ್ಲಿ ಅದೇ ಇದೆ. ಓದು ಮುಗಿದ ಮೇಲೂ ಅಲ್ಲೇ ಉಳಿದು ಕೆಲಸ ಹುಡುಕಲು ಒಂದೂವರೆ ಎರಡು ವರ್ಷದ ಅವಕಾಶವಿದೆ ಎಂದು ಮಗಳು ಹೇಳಿದಾಗ ಅವನ ಮುಖ ಸಣ್ಣದಾಯಿತು. 'ವರ್ಷ ಅಂದ್ರೆ ವರ್ಷ ಕಣವ್ವ' ಎಂದ.

ಇಲ್ಲಿ ನನಗೆ ಅಂಬೇಡ್ಕರರ ನೆನಪಾಗುತ್ತದೆ. 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನ ಪಡೆದು ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಮರಳಿ ಬಂದು 10 ವರ್ಷ ಬರೋಡಾ ಸಂಸ್ಥಾನದ ಸೇವೆ ಮಾಡಬೇಕೆಂಬುದು ಕರಾರು. ಅಲ್ಲಿಂದ ಲಂಡನ್ನಿಗೆ ಹೋಗಿ ಓದುತ್ತಿದ್ದಾಗ ವೇತನ ಮುಗಿಯಿತು, 1917ರಲ್ಲಿ ಮರಳಿದರು, ಕರಾರಿನಂತೆ ಬರೋಡಾಕ್ಕೂ ಹೋದರು. ಆ ಊರಲ್ಲಿ ಅವರಿಗೆ ಇರಲು ಒಂದು ಕೋಣೆ ಸಿಗಲಿಲ್ಲ. ಜಾತಿ ಮರೆಸಿ ಒಂದು ಪಾರ್ಸಿ ವಸತಿಗೃಹದಲ್ಲಿ ಉಳಿದರು. ಗೊತ್ತಾದ ದಿನ ದೊಣ್ಣೆ ಹಿಡಿದ ಜನ ಬಂದು ಹೊರಗೆ ಹಾಕಿದರು. ಆ ದೃಶ್ಯವನ್ನು ಕಣ್ಣೀರಿಲ್ಲದೆ ಎಂದೂ ನೆನೆಯಲಾರೆ ಎಂದು ಅವರೇ ಬರೆದಿದ್ದಾರೆ. 1920ರಲ್ಲಿ ತಾವು ಉಳಿಸಿದ ಹಣ, ಕೊಲ್ಹಾಪುರದ ಶಾಹು ಮಹಾರಾಜರ ನೆರವು ಮತ್ತು ಗೆಳೆಯನ ಸಾಲದಿಂದ ಮತ್ತೆ ಲಂಡನ್ನಿಗೆ ಹೋಗಿ ಓದು ಮುಗಿಸಿದರು.

ಮರಳಿ ಬಾ ಎನ್ನುವ ಹಕ್ಕು ಇರುವುದು ಮರಳಿ ಬಂದವರಿಗೆ ಕೋಣೆ ಇಟ್ಟವರಿಗೆ ಮಾತ್ರ. ಅಂಬೇಡ್ಕರರಿಗೆ ಆದದ್ದರ ಪಕ್ಕದಲ್ಲಿ ನಮ್ಮ ಮನೆಯ ವಿಷಯ ಇಟ್ಟು ಹೋಲಿಸುವುದು ಸಲ್ಲದು, ಆದರೆ ಪ್ರಶ್ನೆ ಎಲ್ಲರಿಗೂ ಅನ್ವಯಿಸುತ್ತದೆ. ಕಟ್ಟಡ ಸಂರಕ್ಷಣೆ ಓದಿಕೊಂಡು ಬಂದ ಹುಡುಗಿಗೆ ನಾವು ಇಟ್ಟಿರುವ ಕೋಣೆ ಯಾವುದು? ಬಂದ ಮರುದಿನವೇ ಗಂಡು ನೋಡುವ ಶಾಸ್ತ್ರವೇ? ಹಾಗಾದರೆ 'ವರ್ಷ ಅಂದ್ರೆ ವರ್ಷ' ಎಂಬುದು ಪ್ರೀತಿಯ ಮಾತಲ್ಲ, ಬರೀ ಬಾಂಡು.

ಕನ್ನಡದಲ್ಲಿ ಈ ಪ್ರಶ್ನೆಯನ್ನು ಅತ್ಯಂತ ಹತ್ತಿರದಿಂದ ಮುಟ್ಟಿದ ಕೃತಿ ಗಿರೀಶ ಕಾರ್ನಾಡರ 'ಯಯಾತಿ' ಎಂದು ನನ್ನ ನಂಬಿಕೆ. ಧಾರವಾಡದಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿದ್ದ ಅವರಿಗೆ ರೋಡ್ಸ್ ವಿದ್ಯಾರ್ಥಿವೇತನ ಸಿಕ್ಕಿ 1960ರಲ್ಲಿ ಆಕ್ಸ್‌ಫರ್ಡಿಗೆ ಹೊರಟರು. ಹೊರಡುವ ಮುಂಚಿನ ತಿಂಗಳುಗಳಲ್ಲಿ ಮನೆಯಲ್ಲಿ ಆತಂಕ, ಮಗ ಮರಳುತ್ತಾನೋ ಇಲ್ಲವೋ, ಅಲ್ಲೇ ಮದುವೆಯಾಗಿಬಿಟ್ಟರೆ? ಆ ಬಿಗುವಿನಲ್ಲೇ ಈ ನಾಟಕ ಹುಟ್ಟಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಇಂಗ್ಲಿಷ್ ಕವಿಯಾಗುವ ಕನಸು ಕಂಡಿದ್ದ ಹುಡುಗ, ಇಂಗ್ಲೆಂಡಿಗೆ ಹೊರಟ ಹೊತ್ತಿನಲ್ಲಿ ಕನ್ನಡದಲ್ಲಿ, ಮಗನ ಯೌವನ ಬೇಡುವ ತಂದೆಯ ಕತೆ ಬರೆದ.

ಮಹಾಭಾರತದ ಮೂಲಕತೆಯಲ್ಲಿ ಯಯಾತಿ ಐದು ಮಕ್ಕಳನ್ನೂ ಒಬ್ಬೊಬ್ಬರಾಗಿ ಕೇಳುತ್ತಾನೆ. ಇಲ್ಲ ಎಂದ ನಾಲ್ವರಿಗೆ ಶಾಪ, ಹೂಂ ಎಂದ ಪೂರುವಿಗೆ ರಾಜ್ಯ. ಹಿಂದೆ ಇದನ್ನು ಓದುವಾಗ ಪೂರುವಿನ ಔದಾರ್ಯ ಕಾಣುತ್ತಿತ್ತು. ಈಗ ಕೇಳಿದ ರೀತಿ ಕಾಣುತ್ತದೆ. ಇಲ್ಲ ಎಂದರೆ ಶಾಪವಿರುವಲ್ಲಿ ಹೂಂ ಎಂಬುದಕ್ಕೆ ಒಪ್ಪಿಗೆ ಎನ್ನಬಹುದೇ? ಕಾರ್ನಾಡರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಪೂರುವಿನ ಹೆಂಡತಿ ಚಿತ್ರಲೇಖೆಯನ್ನು ರಂಗಕ್ಕೆ ತಂದರು. ಗಂಡನ ಯೌವನ ಮಾವನಿಗೆ ಹೋಯಿತು. ಅದು ಅವಳದೂ ಆಗಿತ್ತಲ್ಲ, ಅವಳನ್ನು ಯಾರು ಕೇಳಿದರು? ನಾಟಕದಲ್ಲಿ ಅವಳು ವಿಷ ಕುಡಿಯುತ್ತಾಳೆ. ತ್ಯಾಗದ ಕತೆ ಓದುವಾಗ ಕೊಟ್ಟವನು ಯಾರು, ಪಡೆದವನು ಯಾರು ಎಂದು ನೋಡಿದರೆ ಸಾಲದು, ಕೇಳದೆ ಬಿಟ್ಟವರು ಯಾರು ಎಂದೂ ನೋಡಬೇಕು ಎಂಬುದನ್ನು ನಾನು ಕಲಿತದ್ದು ಆ ಪಾತ್ರದಿಂದ.

ಕಂಬದ ಮುಂದೆ ಕೂತವನಿಗೆ ತಟ್ಟನೆ ಹೊಳೆಯಿತು. ನಮ್ಮ ನಡುಮನೆಯ ಲೆಕ್ಕದಲ್ಲಿ ಕೇಳದೆ ಬಿಟ್ಟವನು ಒಬ್ಬನಿದ್ದ. ಅವನು ಆ ಹೊತ್ತು ತೋಟಕ್ಕೆ ನೀರು ಬಿಡುತ್ತಿದ್ದ.

ಅಣ್ಣನ ಮಗನಿಗೆ ಈಗ 21. ಐಟಿಐಗೆ ಸೇರಿ ಅರ್ಧಕ್ಕೆ ಬಿಟ್ಟವನು. ಅಣ್ಣನಿಗೆ ಬೆನ್ನುನೋವು ಶುರುವಾದ ವರ್ಷ ಅದು. ಆ 26 ಸಾವಿರದ ಕಂತು, ಅಕ್ಕನಿಗೆ ಕೆಲಸ ಸಿಗುವ ತನಕ, ಅವನ ತೋಟದಿಂದ ಹೋಗಬೇಕು. ಅಡಮಾನಕ್ಕೆ ಹೋಗುವ ಮನೆಯಲ್ಲಿ ಮುಂದೆ ಇರುವವನೂ ಅವನೇ. ಕಾಗದದ ಮೇಲೆ ಅವನ ಸಹಿ ಬೇಕಿಲ್ಲ, ಆದ್ದರಿಂದ ಯಾರೂ ಅವನನ್ನು ಕೇಳಿರಲಿಲ್ಲ. 1984ರಲ್ಲೂ ಹೀಗೇ ಆಗಿರಬೇಕು. ಅಪ್ಪ ಅಣ್ಣನನ್ನು ಕೇಳಿದ್ದ ನೆನಪು ನನಗಿಲ್ಲ. ನಾನಂತೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ತೋಟಕ್ಕೆ ಹೋದೆ. ಅವನು ಬಿದ್ದ ಗರಿಗಳನ್ನು ಎಳೆದು ಬುಡಕ್ಕೆ ಹಾಕುತ್ತಿದ್ದ.

'ಅಕ್ಕ ಹೋಗದು ನಿಂಗೆ ಒಪ್ಪಿಗೆನೇನೋ?' ಎಂದೆ.

'ನಾನ್ಯಾಕೆ ಬ್ಯಾಡ ಅನ್ಲಿ?'

'ಅದಲ್ಲ ಕೇಳಿದ್ದು. ಒಪ್ಪಿಗೆನಾ?'

ಅವನು ಗರಿ ಕೆಳಗೆ ಹಾಕಿ ಸ್ವಲ್ಪ ಹೊತ್ತು ಸುಮ್ಮನೆ ನಿಂತ. 'ಈಗ ಕೇಳಿದ್ರಲ್ಲ ಚಿಕ್ಕಪ್ಪ, ಅದೇ ದೊಡ್ಡದು. ಹೋಗ್ಲಿ ಅವ್ಳು. ಓದ್ತಾಳೆ. ಆದ್ರೆ ಅವ್ಳಿಗೆ ಒಂದು ವರ್ಷ ಅಂದ್ರೆ ನಂಗೂ ಒಂದು ವರ್ಷ ಬೇಕು.'

'ಏನ್ ಮಾಡ್ತೀಯ?'

'ಐಟಿಐ ಮುಗಿಸ್ತೀನೋ ಏನೋ. ಏನೂ ಮಾಡ್ದೆ ಹಾಸನದಲ್ಲಿ ರೂಮು ಮಾಡ್ಕೊಂಡು ಇದ್ರೂ ಇದ್ದೆ. ಅವ್ಳು ಏನ್ ಮಾಡ್ತಾಳೆ ಅಂತ ಕೇಳಿದ್ಮೇಲೆ ತಾನೆ ಎಲ್ರೂ ಲೆಕ್ಕ ಹಾಕಿದ್ದು? ನಂಗೆ ಯೋಚ್ನೆ ಮಾಡಾಕೇ ಪುರ್‌ಸೊತ್ತಾಗಿಲ್ಲ. ಬೆಳಿಗ್ಗೆ ಕರೆಂಟು ಬಂದ್ರೆ ತೋಟ, ರಾತ್ರಿ ಕರೆಂಟು ಬಂದ್ರೆ ತೋಟ.'

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಓದುವವರಿಗೆ ಒಂದು ವರ್ಷ ಕೊಡುವುದೆಂದರೆ ಶುಲ್ಕ, ವಸತಿ, ವಿಮಾನದ ಟಿಕೆಟ್ಟು ಎಂದುಕೊಂಡಿದ್ದೆ. ತನ್ನ ಬದುಕಿನ ಬಗ್ಗೆ ಯೋಚಿಸುವ ಪುರುಸೊತ್ತು ಕೊಡುವುದೇ ಅದರ ತಿರುಳು. ಅವಳು ಪುಸ್ತಕ ಓದಿದ್ದರಿಂದ ಅದಕ್ಕೆ ಅರ್ಹಳು, ಇವನು ನೀರು ಕಟ್ಟಿದ್ದರಿಂದ ಅರ್ಹನಲ್ಲ ಎಂದು ನಾವು ಯಾವ ನ್ಯಾಯದಿಂದ ತೀರ್ಮಾನಿಸಿದೆವು? ಅವಳು ಬುದ್ಧಿವಂತೆ, ನಿಜ. ಅಣ್ಣನೂ ಬುದ್ಧಿವಂತನಾಗಿದ್ದ.

ಊರು ಬಿಟ್ಟು ಹೋದವರೇ ಊರನ್ನು ಸರಿಯಾಗಿ ಕಂಡರು ಎಂಬ ಮಾತೊಂದಿದೆ. ಯು.ಆರ್. ಅನಂತಮೂರ್ತಿ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆಗೆ ಕೂತಿದ್ದಾಗ, ಅಡಿಬರಹವಿಲ್ಲದ ಬರ್ಗ್‌ಮನ್ ಸಿನಿಮಾ ಒಂದನ್ನು ನೋಡಿದ ಮೇಲೆ 'ಸಂಸ್ಕಾರ' ಬರೆದರು, ಅದು 1965ರಲ್ಲಿ ಬಂತು. ಮಲೆನಾಡಿನ ಅಗ್ರಹಾರ ಅಷ್ಟು ಸ್ಪಷ್ಟವಾಗಿ ಕಂಡದ್ದು ಇಂಗ್ಲೆಂಡಿನಿಂದ. ಈ ಮಾತನ್ನು ನಾನು ನಂಬುತ್ತೇನೆ. ಅಣ್ಣನ ಮಗಳೂ ಯಾರ್ಕಿನಿಂದ ನಮ್ಮ ಬಳಪದ ಕಲ್ಲನ್ನು ಹೊಸದಾಗಿ ಕಾಣಬಹುದು. ಆದರೆ ದೂರ ಹೋಗಿ ಕಾಣುವವರಿಗೆ ಕಾಣಲು ಊರು ಅಲ್ಲೇ ಇರಬೇಕು. ಅದು ಅಲ್ಲೇ ಇರುವಂತೆ ನೋಡಿಕೊಳ್ಳುವವರೂ ಒಂದು ಕೆಲಸ ಮಾಡುತ್ತಿರುತ್ತಾರೆ, ಅದಕ್ಕೆ ಪದವಿಯಿಲ್ಲ ಅಷ್ಟೆ.

ಹಾಸನದಲ್ಲಿ ಒಬ್ಬ ಏಜೆಂಟರು ಸುಲಭದ ದಾರಿಯೊಂದನ್ನು ಹೇಳಿದ್ದರು. ಜೀವನವೆಚ್ಚದ ಅಷ್ಟೂ ಹಣವನ್ನು 28 ದಿನದ ಮಟ್ಟಿಗೆ ಅವರೇ ಅಣ್ಣನ ಖಾತೆಗೆ ಹಾಕಿಸುತ್ತಾರೆ, ಕಮಿಷನ್ ಕೊಟ್ಟರೆ ಸಾಕು, ಆಮೇಲೆ ವಾಪಸ್ ತೆಗೆದುಕೊಳ್ಳುತ್ತಾರೆ. 'ಎಲ್ರೂ ಮಾಡ್ತಾರೆ ಸಾರ್.' ಅದು ವೀಸಾ ಕಚೇರಿಗೆ ಹೇಳುವ ಸುಳ್ಳು ಎಂಬುದು ಮೊದಲ ತೊಂದರೆ. ಎರಡನೆಯದು ಇನ್ನೂ ದೊಡ್ಡದು. 28 ದಿನವಾದ ಮೇಲೆ ಆ ಹಣ ಇರುವುದಿಲ್ಲ, ಹುಡುಗಿ ಮಾತ್ರ ಅಲ್ಲಿರುತ್ತಾಳೆ. ಚಳಿಯಲ್ಲಿ, ಕೆಲಸ ಹುಡುಕುತ್ತಾ, ಓದಲು ಹೋಗಿ ಓದಲಾಗದೆ. ಆ ನಿಯಮವನ್ನು ನಾನು ಮೊದಲು ಬೈದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಕಳಿಸುವವರು ನಿಜಕ್ಕೂ ಎಷ್ಟು ಕೊಡಬಲ್ಲರು ಎಂಬುದನ್ನು ಅದು ಕೇಳುತ್ತಿದೆ. ಮನೆಯೊಳಗೆ ನಾವು ಒಬ್ಬರನ್ನೊಬ್ಬರು ಕೇಳದ ಪ್ರಶ್ನೆ ಅದು.

ಕೊನೆಗೆ ನಾವು ನಿಂತದ್ದು ಇಲ್ಲಿ. ದುಡ್ಡು ದುಡ್ಡೇ. ಅದನ್ನು ಪ್ರೀತಿ ಎಂದೋ ತ್ಯಾಗ ಎಂದೋ ಕರೆದರೆ ತೀರಿಸಬೇಕಾದವರಿಗೆ ಎಷ್ಟು ಎಂಬುದು ಗೊತ್ತಾಗುವುದಿಲ್ಲ, ಕೊಟ್ಟವರಿಗೆ ಯಾವತ್ತು ತೀರಿತು ಎಂಬುದೂ ಗೊತ್ತಾಗುವುದಿಲ್ಲ. ಲೆಕ್ಕವಿಲ್ಲದ ಸಾಲ ಸಾಯುವ ತನಕ ಇರುತ್ತದೆ. ಆದ್ದರಿಂದ ಬರೆದುಕೊಂಡೆವು. ಬ್ಯಾಂಕಿನ ಕಂತು ಕೆಲಸ ಸಿಕ್ಕ ದಿನದಿಂದ ಅವಳದು, ಅಲ್ಲಿಯವರೆಗೆ ಅರ್ಧ ಅಣ್ಣನದು, ಅರ್ಧ ನನ್ನದು. ನನ್ನ ಉಳಿತಾಯದಿಂದ ಜೀವನವೆಚ್ಚದ ಹಣ ಅಣ್ಣನ ಖಾತೆಗೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಅದನ್ನು ನಾನು ದಾನ ಎಂದು ಬರೆಯಲಿಲ್ಲ. 'ಹಳೇ ಬಾಕಿ' ಎಂದು ಬರೆದೆ. ಅಣ್ಣ ಅದನ್ನು ಓದಿ ಏನೂ ಹೇಳಲಿಲ್ಲ, ಪೆನ್ನು ತೆಗೆದುಕೊಂಡು 'ಹಳೇ' ಎಂಬುದನ್ನು ಹೊಡೆದುಹಾಕಿದ. ಯಾಕೆ ಎಂದು ನಾನು ಕೇಳಲಿಲ್ಲ.

ಮರಳಿ ಬರುವ ಬಗ್ಗೆ ಏನೂ ಬರೆಯಲಿಲ್ಲ. ಅಣ್ಣನಿಗೆ ಕಷ್ಟವಾಯಿತು, ಒಪ್ಪಿದ. ಬಂದರೆ ಮೊದಲ ಆರು ತಿಂಗಳು ಮದುವೆಯ ಮಾತಿಲ್ಲ ಎಂದು ಅತ್ತಿಗೆ ಬಾಗಿಲಿಗೆ ಒರಗಿಕೊಂಡೇ ಹೇಳಿದರು. ಮರಳಿ ಬಂದವಳಿಗೆ ನಮ್ಮ ಕಡೆಯಿಂದ ಇಟ್ಟ ಕೋಣೆ ಸದ್ಯಕ್ಕೆ ಅಷ್ಟು.

ಹುಡುಗನ ವರ್ಷ ಉಳಿಯಿತು. ಅದು ದುಡ್ಡಿನಲ್ಲಿ ತೀರುವಂಥದಲ್ಲ. ಯಾರಾದರೂ ತೋಟದಲ್ಲಿ ಅವನ ಜಾಗಕ್ಕೆ ನಿಲ್ಲಬೇಕು. ಅಣ್ಣನಿಗೆ ಬೆನ್ನು ಬಗ್ಗುವುದಿಲ್ಲ. ನಾನು ಮುಂದಿನ ವರ್ಷ ನಿವೃತ್ತನಾಗುತ್ತೇನೆ. ಅವಳು ಓದು ಮುಗಿಸುವ ಹೊತ್ತಿಗೆ ಅವನು ಹೊರಡುತ್ತಾನೆ, ನಾನು ಬರುತ್ತೇನೆ ಎಂದು ಹೇಳಿದ್ದೇನೆ. ಇದನ್ನು ಔದಾರ್ಯವೆಂದು ದಯವಿಟ್ಟು ಓದಬೇಡಿ. ನಲವತ್ತು ವರ್ಷ ಪಡೆದವನು ಒಂದು ವರ್ಷ ಕೊಡುವುದು ಬಡ್ಡಿಗೂ ಸಾಲದು. ಮೈಸೂರಿನ ಮನೆಯಲ್ಲಿ ಇದನ್ನು ಹೇಗೆ ಒಪ್ಪಿಸುವುದು ಎಂಬುದೂ ಇನ್ನೂ ತೀರ್ಮಾನವಾಗಿಲ್ಲ. ಹೆಂಡತಿಯನ್ನು ಮೊದಲು ಕೇಳಬೇಕಿತ್ತು, ನಾನು ಹೇಳಿ ಆದಮೇಲೆ ಕೇಳಿದೆ. ಚಿತ್ರಲೇಖೆಯ ಪಾಠ ಹೇಳುವವನೇ ಮತ್ತೆ ತಪ್ಪಿದೆ.

ಸಹಿ ಹಾಕಿ ಬಂದಿದ್ದೇನೆ. ಹಣ ಅಣ್ಣನ ಖಾತೆಯಲ್ಲಿದೆ, ಇವತ್ತಿಗೆ 11 ದಿನ. ವೀಸಾ ಸಿಗುತ್ತದೋ ಇಲ್ಲವೋ, ನೋಡಬೇಕು. ನಿನ್ನೆ ಅಣ್ಣನ ಮಗ ಫೋನು ಮಾಡಿ, ಮುಂದಿನ ಸಲ ಬಂದಾಗ ಎರಡು ದಿನ ಉಳಿಯುವಂತೆ ಬನ್ನಿ ಎಂದ. ತೋಟದಲ್ಲಿ ಏಳು ಗೇಟ್‌ವಾಲ್ ಇವೆಯಂತೆ, ಯಾವುದನ್ನು ತಿರುಗಿಸಿದರೆ ನೀರು ಎಲ್ಲಿಗೆ ಹೋಗುತ್ತದೆ ಎಂದು ಈಗಿನಿಂದಲೇ ಕಲಿಯಬೇಕಂತೆ.